ತೂಗುಹಾಕಿ, ನೋಡಿ, ಆಮೇಲೆ ತಿನ್ನಿ: ಮಕ್ಕಳ ಜೊತೆ ಕ್ರಿಸ್‌ಮಸ್ ಅಲಂಕಾರ

ನಾನು ಮೊದಲ ಸಲ ಜಿಂಜರ್‌ಬ್ರೆಡ್ ನಕ್ಷತ್ರ ಮಾಡಿದಾಗ ಇಪ್ಪತ್ತೆಂಟು ಬಿಸ್ಕತ್ತು ಚೆನ್ನಾಗಿ ಬೆಂದು ಬಂದವು. ಮನೆಯೆಲ್ಲಾ ಶುಂಠಿ, ಚಕ್ಕೆಯ ಘಮ. ಮಗಳು ಕೆಂಪು ರಿಬ್ಬನ್ ಹಿಡಿದುಕೊಂಡು ಬಂದು ಕೇಳಿದಳು, "ಇದನ್ನ ಎಲ್ಲಿ ಪೋಣಿಸೋದು?" ತೂತೇ ಮಾಡಿರಲಿಲ್ಲ! ಚಾಕುವಿನ ತುದಿಯಿಂದ ಕೊರೆಯಲು ಹೋದೆ. ಮೊದಲನೆಯದು ಎರಡು ತುಂಡಾಯಿತು, ಎರಡನೆಯದು ಮೂರು. ಐದನೆಯದು ಮುರಿಯುವ ಹೊತ್ತಿಗೆ ಮಕ್ಕಳಿಗೆ ಆಟ ಅರ್ಥವಾಗಿತ್ತು. "ಇನ್ನೊಂದು ಕೊರಿ, ಇನ್ನೊಂದು ಕೊರಿ" ಅಂತ ತಟ್ಟೆ ಹಿಡಿದುಕೊಂಡು ಮುಂದೆ ಕೂತರು.

ಹಾಗಾಗಿ ಮೊದಲ ಮಾತು ಇದೇ: ತೂತು ಬೇಯಿಸುವ ಮುಂಚೆ. ಉಳಿದದ್ದನ್ನೆಲ್ಲ ನಿಧಾನವಾಗಿ ಹೇಳುತ್ತೇನೆ.

ಮೊದಲು ದಿನ ಲೆಕ್ಕ ಹಾಕಿ

ಪ್ಲಾಸ್ಟಿಕ್ ಗುಂಡುಗಳನ್ನು ಡಿಸೆಂಬರ್ 1ಕ್ಕೇ ತೂಗುಹಾಕಬಹುದು, ಜನವರಿಯವರೆಗೂ ಅವು ಹಾಗೇ ಇರುತ್ತವೆ. ತಿನ್ನುವ ಅಲಂಕಾರ ಹಾಗಲ್ಲ. ಮೂರು ವಾರ ಮರದ ಮೇಲೆ ತೂಗಾಡಿದ ಬಿಸ್ಕತ್ತು ಧೂಳು ಹಿಡಿದು, ಮೆತ್ತಗಾಗಿ, ಕೊನೆಗೆ ಯಾರೂ ಬಾಯಿಗೆ ಹಾಕಿಕೊಳ್ಳದ ಸ್ಥಿತಿಗೆ ಬರುತ್ತದೆ. ತಿನ್ನುವುದಕ್ಕೆಂದು ಮಾಡಿದ್ದನ್ನು ತಿನ್ನದೆ ಎಸೆದರೆ ಏನು ಚೆಂದ? ಅದಕ್ಕೇ ನಾನು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ. 21ಕ್ಕೆ ಹಿಟ್ಟು ಕಲಸಿ ಫ್ರಿಜ್‌ನಲ್ಲಿಡುವುದು, 22ಕ್ಕೆ ಬೇಯಿಸುವುದು, 23ಕ್ಕೆ ಐಸಿಂಗ್, 24ರ ಸಂಜೆ ಮರಕ್ಕೆ. ಎರಡು ಮೂರು ದಿನದಲ್ಲಿ ತಿಂದು ಮುಗಿಸುವುದು. ಒಂದೇ ದಿನ ಎಲ್ಲ ಮಾಡಲು ಹೋದರೆ ಸಾಯಂಕಾಲದ ಹೊತ್ತಿಗೆ ಮಕ್ಕಳೂ ಅಳುತ್ತಾರೆ, ನೀವೂ ರೇಗುತ್ತೀರಿ.

ಇದೇನೂ ಹೊಸ ಐಡಿಯಾ ಅಲ್ಲ. ಈಗ ಫ್ರಾನ್ಸ್‌ನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದಲ್ಲಿ 1605ರಲ್ಲಿ ಬರೆದಿಟ್ಟ ಒಂದು ಟಿಪ್ಪಣಿಯಲ್ಲಿ, ಜನ ಮನೆಯೊಳಗೆ ಫರ್ ಮರ ನಿಲ್ಲಿಸಿ ಅದಕ್ಕೆ ಕಾಗದದ ಗುಲಾಬಿ, ಸೇಬು, ತೆಳ್ಳನೆಯ ವೇಫರ್, ಸಕ್ಕರೆಯ ತಿಂಡಿ ಕಟ್ಟುತ್ತಿದ್ದರು ಎಂದಿದೆ. ಗಾಜಿನ ಗುಂಡುಗಳು ಬಂದದ್ದು ಬಹಳ ತಡವಾಗಿ. ಅವುಗಳಿಗೆ ಹೆಸರಾದದ್ದು ಜರ್ಮನಿಯ ಲಾವ್ಷಾ ಊರಿನ ಗಾಜಿನ ಕೆಲಸಗಾರರು, 19ನೇ ಶತಮಾನದಲ್ಲಿ. ಅವರೂ ಮೊದಮೊದಲು ಊದಿದ್ದು ಹಣ್ಣು, ಕಾಯಿಗಳ ಆಕಾರವನ್ನೇ. ಅಂದರೆ ತಿನ್ನುವ ಮರವೇ ಮೊದಲಿನದು, ಗಾಜು ಅದರ ನಕಲು.

ಯಾರ ಕೈಗೆ ಯಾವ ಕೆಲಸ

ಎರಡು ಮೂರು ವರ್ಷದವರಿಗೆ ಅಚ್ಚು ಒತ್ತುವುದು, ಬಣ್ಣದ ಸಕ್ಕರೆ ಕಾಳು ಉದುರಿಸುವುದು ಸಾಕು. ನಾಲ್ಕೈದು ವರ್ಷದವರು ಹಿಟ್ಟು ಕಲಸುತ್ತಾರೆ, ಲಟ್ಟಿಸುತ್ತಾರೆ, ಸ್ಟ್ರಾ ಚುಚ್ಚಿ ತೂತು ಮಾಡುತ್ತಾರೆ. ಆರು ದಾಟಿದವರಿಗೆ ಮೊಂಡು ತುದಿಯ ಸೂಜಿಯನ್ನೂ ಐಸಿಂಗ್ ಚೀಲವನ್ನೂ ಕೊಡಬಹುದು. ಓವನ್, ಒಲೆ, ಬಿಸಿ ಟ್ರೇ ಮಾತ್ರ ದೊಡ್ಡವರದ್ದೇ. ಇದರಲ್ಲಿ ರಾಜಿ ಬೇಡ.

ಇನ್ನೊಂದು ವಿಷಯ. ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮೆಂಟು, ಇಡೀ ಬಾದಾಮಿಯಂಥವು ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಮನೆಯಲ್ಲಿ ನಾಲ್ಕು ವರ್ಷದೊಳಗಿನ ಮಗು ಇದ್ದರೆ ಅವನ್ನು ಕೈಗೆ ಸಿಗುವ ಕೊಂಬೆಯಲ್ಲಿ ಕಟ್ಟಬೇಡಿ, ಬಿಟ್ಟೇಬಿಟ್ಟರೂ ನಷ್ಟವಿಲ್ಲ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಹಾಕಿದ್ದು ಏನೂ ಬೇಡ, ಬೇಯಿಸಿದ್ದಾದರೂ ಬೇಡ.

ಜಿಂಜರ್‌ಬ್ರೆಡ್: ಇದೊಂದು ಬಂದರೆ ಅರ್ಧ ಮರ ತುಂಬಿದ ಹಾಗೆ

ಬೇಕಾಗುವುದು ಇಷ್ಟು: ಮೈದಾ 300 ಗ್ರಾಂ, ಬೆಣ್ಣೆ 100 ಗ್ರಾಂ, ಬ್ರೌನ್ ಶುಗರ್ 100 ಗ್ರಾಂ, ಜೇನುತುಪ್ಪ ಅಥವಾ ಗೋಲ್ಡನ್ ಸಿರಪ್ (ಸಕ್ಕರೆಯ ಗಟ್ಟಿ ಪಾಕ) 5 ದೊಡ್ಡ ಚಮಚ, ಶುಂಠಿ ಪುಡಿ 2 ಚಿಕ್ಕ ಚಮಚ, ಚಕ್ಕೆ ಪುಡಿ 1 ಚಿಕ್ಕ ಚಮಚ, ಲವಂಗದ ಪುಡಿ ಒಂದು ಚಿಟಿಕೆ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ, ಚಿಟಿಕೆ ಉಪ್ಪು. ಮೊಟ್ಟೆ ಬೇಕಿಲ್ಲ. ಸೋಡಾ ಜಾಸ್ತಿ ಹಾಕಬೇಡಿ. ಬಿಸ್ಕತ್ತು ಉಬ್ಬಿ ನಕ್ಷತ್ರದ ಮೂಲೆಗಳೆಲ್ಲ ಗುಂಡಗಾಗುತ್ತವೆ, ತೂತೂ ಮುಚ್ಚಿಹೋಗುತ್ತದೆ.

ಬೆಣ್ಣೆ, ಸಕ್ಕರೆ, ಜೇನುತುಪ್ಪ ಮೂರನ್ನೂ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸುವುದು ಬೇಡ, ಸಕ್ಕರೆ ಕರಗಿದರೆ ಆಯಿತು. ಹತ್ತು ನಿಮಿಷ ಆರಲು ಬಿಡಿ. ಅಷ್ಟರಲ್ಲಿ ಮಕ್ಕಳು ಮೈದಾ, ಸೋಡಾ, ಉಪ್ಪು, ಮಸಾಲೆ ಪುಡಿಗಳನ್ನು ಒಂದು ದೊಡ್ಡ ಪಾತ್ರೆಯಲ್ಲಿ ಬೆರೆಸಲಿ. ಒಂದೊಂದು ಪುಡಿಯನ್ನೂ ಮೂಸಿ ನೋಡಿ ಹೆಸರು ಹೇಳಲಿ. ನಮ್ಮ ಮನೆಯಲ್ಲಿ ಇದು ಕಣ್ಣು ಮುಚ್ಚಿಕೊಂಡು ಆಡುವ ಆಟ. ಲವಂಗಕ್ಕೆ ಪ್ರತಿ ವರ್ಷ "ಹಲ್ಲುನೋವಿನ ವಾಸನೆ" ಅಂತಲೇ ಉತ್ತರ ಬರುತ್ತದೆ.

ಉಗುರುಬೆಚ್ಚಗಾದ ಪಾಕವನ್ನು ಹಿಟ್ಟಿಗೆ ಸುರಿದು ಚಮಚದಲ್ಲಿ ತಿರುವಿ, ಆಮೇಲೆ ಕೈಯಲ್ಲಿ ಕಲಸಿ. ಹಿಟ್ಟು ಮೊದಲು ಜಿಡ್ಡು ಜಿಡ್ಡಾಗಿ, ಸಡಿಲವಾಗಿ ಕಾಣುತ್ತದೆ. ಗಾಬರಿಯಾಗಿ ಮೈದಾ ಸುರಿಯಬೇಡಿ. ತಣ್ಣಗಾದ ಹಾಗೆ ಬೆಣ್ಣೆ ಗಟ್ಟಿಯಾಗಿ ಹಿಟ್ಟೂ ಬಿಗಿಯಾಗುತ್ತದೆ. ತೀರಾ ಪುಡಿಪುಡಿ ಅನ್ನಿಸಿದರೆ ಒಂದು ಚಮಚ ಹಾಲು ಸಾಕು. ಚಪ್ಪಟೆ ಮಾಡಿ, ಮುಚ್ಚಿ, ಫ್ರಿಜ್‌ನಲ್ಲಿ ಕನಿಷ್ಠ ಒಂದು ಗಂಟೆ ಇಡಿ. ಹಸಿ ಹಿಟ್ಟನ್ನು ಮಾತ್ರ ನೆಕ್ಕಲು ಬಿಡಬೇಡಿ. ಮೊಟ್ಟೆ ಇಲ್ಲ ಅಲ್ವಾ ಅನ್ನಬಹುದು, ಆದರೆ ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಇನ್ನು ಲಟ್ಟಿಸುವುದು. ಇಲ್ಲಿ ಒಂದು ಉಪಾಯ ಗೊತ್ತಿದ್ದರೆ ಅರ್ಧ ತಲೆನೋವು ತಪ್ಪುತ್ತದೆ. ಹಿಟ್ಟನ್ನು ಎರಡು ಬೇಕಿಂಗ್ ಪೇಪರ್ ಮಧ್ಯೆ ಇಟ್ಟು 4–5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಮೇಲಿನ ಪೇಪರ್ ತೆಗೆದು ಮಕ್ಕಳು ಅಚ್ಚು ಒತ್ತಲಿ. ಈಗ ನಕ್ಷತ್ರವನ್ನು ಎತ್ತಲು ಹೋಗಬೇಡಿ, ಕಾಲು ಕೈ ಎಲ್ಲ ಉದ್ದವಾಗುತ್ತದೆ. ಸುತ್ತಲಿನ ಬೇಡದ ಹಿಟ್ಟನ್ನು ಕಿತ್ತು ತೆಗೆಯಿರಿ, ನಕ್ಷತ್ರ ಇದ್ದಲ್ಲೇ ಇರಲಿ. ಪೇಪರ್ ಸಮೇತ ಟ್ರೇಗೆ ಜಾರಿಸಿ. ದಪ್ಪ ಎಲ್ಲ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ತೆಳ್ಳಗಿನ ಕಡೆ ಸೀದು ದಪ್ಪನೆಯ ಕಡೆ ಹಸಿ ಉಳಿಯುತ್ತದೆ. ಮಕ್ಕಳು ಲಟ್ಟಿಸುವಾಗ ಹಿಟ್ಟಿನ ಎರಡು ಪಕ್ಕಕ್ಕೂ ಒಂದೇ ದಪ್ಪದ ಎರಡು ಸ್ಕೇಲ್ ಇಡಿ. ಲಟ್ಟಣಿಗೆ ಅದರ ಮೇಲೇ ಉರುಳುತ್ತದೆ, ಕೆಳಗೆ ಇಳಿಯುವುದಿಲ್ಲ.

ಈಗ ತೂತು! ಸ್ಟ್ರಾ ಒತ್ತಿ, ಸ್ವಲ್ಪ ತಿರುಗಿಸಿ, ಎತ್ತಿ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗಿರಲಿ. ಅಂಚಿಗೆ ಹತ್ತಿರ ಮಾಡಿದರೆ ತೂಗುಹಾಕಿದ ದಿನವೇ ಹರಿದು ಬೀಳುತ್ತದೆ. ನಕ್ಷತ್ರವಾದರೆ ಒಂದು ಮೂಲೆಯಲ್ಲಿ, ಗೊಂಬೆಯಾದರೆ ತಲೆಯಲ್ಲಿ. ಸ್ಟ್ರಾದೊಳಗೆ ಸಿಕ್ಕಿಕೊಂಡ ಹಿಟ್ಟಿನ ಬಿಲ್ಲೆಗಳನ್ನು ಊದಿ ಹಾರಿಸುವುದೇ ಮಕ್ಕಳಿಗೆ ದೊಡ್ಡ ಖುಷಿ. ಗೋಡೆ ಕಡೆ ನಿಲ್ಲಿಸಿಬಿಡಿ.

ಟ್ರೇಯನ್ನು ಇನ್ನೊಂದು ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು, 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್‌ನಲ್ಲಿ 10ರಿಂದ 12 ನಿಮಿಷ ಬೇಯಿಸಿ. ಅಂಚು ಚೂರು ಕಂದಾದರೆ ಹೊರಗೆ ತೆಗೆಯಿರಿ. ತಿನ್ನುವುದಕ್ಕಾದರೆ ಇಷ್ಟು ಸಾಕು, ತೂಗುಹಾಕುವುದಕ್ಕೆ ಇನ್ನೆರಡು ನಿಮಿಷ ಬಿಡಿ. ಗಟ್ಟಿಯಿದ್ದಷ್ಟೂ ದಾರ ತಡೆಯುತ್ತದೆ. ಹೊರಗೆ ತೆಗೆದ ತಕ್ಷಣ ತೂತು ನೋಡಿ, ಸಾಮಾನ್ಯವಾಗಿ ಅರ್ಧ ಮುಚ್ಚಿರುತ್ತದೆ. ಬಿಸಿ ಇರುವಾಗಲೇ ಚಾಪ್‌ಸ್ಟಿಕ್ಕೋ ಮರದ ಕಡ್ಡಿಯೋ ತೂರಿಸಿ ತಿರುಗಿಸಿಬಿಡಿ. ಎರಡು ನಿಮಿಷ ತಡ ಮಾಡಿದರೆ ನನ್ನ ಚಾಕುವಿನ ಕಥೆಯೇ ಆಗುತ್ತದೆ. ಈ ಕೆಲಸ ದೊಡ್ಡವರದ್ದು.

ಕಾಲು ಭಾಗ ಬಿಸ್ಕತ್ತಿಗೆ ತೂತು ಮಾಡಲೇಬೇಡಿ. ಅವು ಅಲ್ಲೇ ತಿನ್ನಲಿಕ್ಕೆ. ಬಿಸಿ ಬಿಸಿ ಬಿಸ್ಕತ್ತು ಕಣ್ಣೆದುರಿಗಿಟ್ಟು "ಇದು ಮರಕ್ಕೆ, ಮುಟ್ಟಬೇಡ" ಅಂತ ಮಕ್ಕಳಿಗೆ ಹೇಳುವುದು ನನಗಂತೂ ಆಗುವುದಿಲ್ಲ.

ಬಣ್ಣದ ಗಾಜಿನ ಕಿಟಕಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಹಿಂದೆ ಒಂದು ದೀಪ ಬೆಳಗಿದರೆ ಸಾಕು, ಬಿಸ್ಕತ್ತಿನ ನಡುವೆ ಕೆಂಪು, ಹಸಿರು, ಹಳದಿ ಬೆಳಕು.

ಅದೇ ಹಿಟ್ಟು, ಅದೇ ದಪ್ಪ. ದೊಡ್ಡ ಅಚ್ಚಿನಲ್ಲಿ ಕತ್ತರಿಸಿ, ನಡುವೆ ಸಣ್ಣ ಅಚ್ಚಿನಿಂದ ಕಿಟಕಿ ತೆಗೆಯಿರಿ. ಸುತ್ತ ಒಂದು ಸೆಂಟಿಮೀಟರ್ ಚೌಕಟ್ಟು ಉಳಿಯಬೇಕು. ಆರೇಳು ನಿಮಿಷ ಬೇಯಿಸಿ ಹೊರಗೆ ತೆಗೆದು, ಕಿಟಕಿಯೊಳಗೆ ಪೆಪ್ಪರಮೆಂಟು ಪುಡಿ ತುಂಬಿ. ಬಿಸ್ಕತ್ತಿನ ಮಟ್ಟಕ್ಕೆ ತುಂಬಿದರೆ ಸಾಕು, ಗೋಪುರ ಮಾಡಿದರೆ ಉಕ್ಕಿ ಹರಿಯುತ್ತದೆ. ಮತ್ತೆ ನಾಲ್ಕೈದು ನಿಮಿಷ. ಪುಡಿ ಕರಗಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ತೆಗೆಯಿರಿ. ಬಿಟ್ಟರೆ ಕಂದಾಗಿ ಕಹಿಯಾಗುತ್ತದೆ.

ಪೆಪ್ಪರಮೆಂಟು ಬೆಳಕು ಹಾಯುವಂಥದ್ದಿರಲಿ. ಹಾಲು ಬಣ್ಣದ್ದು ಕರಗಿದರೂ ಮಂಕಾಗಿಯೇ ಇರುತ್ತದೆ. ಪುಡಿ ಮಾಡುವುದು ಪೂರ್ತಿ ಮಕ್ಕಳ ಕೆಲಸ: ಒಂದೊಂದು ಬಣ್ಣ ಒಂದೊಂದು ಜಿಪ್ ಚೀಲಕ್ಕೆ, ಮೇಲೆ ದಪ್ಪ ಟವೆಲ್, ಲಟ್ಟಣಿಗೆಯಿಂದ ಬಡಿತ. ಬಣ್ಣ ಬೆರೆಸುವ ಆಸೆ ಬರುತ್ತದೆ. ಕೆಂಪಿಗೆ ಹಸಿರು ಸೇರಿದರೆ ಕೆಸರು ಬಣ್ಣವೇ. ಒಂದು ಬಿಸ್ಕತ್ತಿನಲ್ಲಿ ಮಾಡಿ ನೋಡಲಿ, ಎರಡನೆಯದರಲ್ಲಿ ಅವರೇ ಬಿಡುತ್ತಾರೆ.

ಪುಡಿ ತುಂಬುವಾಗ ಟ್ರೇ ಬಿಸಿ ಇರುತ್ತದೆ, ಹಾಗಾಗಿ ಆ ಕೆಲಸ ನಿಮ್ಮದು. ಯಾವ ಕಿಟಕಿಗೆ ಯಾವ ಬಣ್ಣ ಅಂತ ಅವರು ದೂರದಿಂದ ಹೇಳಲಿ. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಬಹಳ ಬಿಸಿ, ಜೊತೆಗೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಓವನ್‌ನಿಂದ ಬಂದ ಮೇಲೆ ಇಪ್ಪತ್ತು ನಿಮಿಷ ಟ್ರೇ ಮುಟ್ಟಬೇಡಿ. ತಣ್ಣಗಾದಾಗ ಪೇಪರ್‌ನಿಂದ ಟಪ್ ಅಂತ ತಾನಾಗಿ ಬಿಡುತ್ತದೆ.

ಐಸಿಂಗ್: ಹದ ಬಂದರೆ ಬಂತು

ಹಸಿ ಮೊಟ್ಟೆಯ ಬಿಳಿ ಹಾಕುವ ರಾಯಲ್ ಐಸಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ನಿಜ. ಆದರೆ ಮಕ್ಕಳು ತಿನ್ನುವುದಕ್ಕೆ ಹಸಿ ಮೊಟ್ಟೆ ಯಾಕೆ? ಪ್ಯಾಶ್ಚರೀಕರಿಸಿದ (ಬಿಸಿ ಮಾಡಿ ರೋಗಾಣು ಕೊಂದ) ಮೊಟ್ಟೆ ಬಿಳಿ ಅಥವಾ ಮೆರಾಂಗ್ ಪುಡಿ (ಒಣಗಿಸಿದ ಮೊಟ್ಟೆ ಬಿಳಿಯ ಪುಡಿ) ಸಿಕ್ಕರೆ ಅದನ್ನು ಬಳಸಿ. ನಾನು ಮಾಡುವುದು ಸುಲಭದ್ದು. ಜರಡಿ ಹಿಡಿದ ಐಸಿಂಗ್ ಸಕ್ಕರೆ 150 ಗ್ರಾಂ, ನೀರು 4 ಚಿಕ್ಕ ಚಮಚ, ನಿಂಬೆರಸ ಕೆಲವು ಹನಿ. ನೀರನ್ನು ಒಟ್ಟಿಗೆ ಸುರಿಯಬೇಡಿ, ಕೊನೆಯ ಚಮಚವನ್ನು ಹನಿ ಹನಿಯಾಗಿ ಹಾಕಿ.

ಹದ ನೋಡುವುದು ಹೀಗೆ. ಬಟ್ಟಲ ನಡುವೆ ಚಮಚದಿಂದ ಒಂದು ಗೆರೆ ಎಳೆದು ಎಣಿಸಿ. ಗೆರೆ ಐದು ಎಣಿಸುವುದರೊಳಗೆ ಮುಚ್ಚಿಹೋದರೆ ತೀರಾ ನೀರು, ಸಕ್ಕರೆ ಸೇರಿಸಿ. ಹತ್ತರಿಂದ ಹದಿನೈದಕ್ಕೆ ಮುಚ್ಚಿದರೆ ಇಡೀ ಬಿಸ್ಕತ್ತಿನ ಮೇಲೆ ಹರಡುವ ಹದ. ಮುಚ್ಚದೇ ಉಳಿದರೆ ಗೆರೆ, ಚುಕ್ಕಿ, ಕಣ್ಣು, ಮೂಗು ಬಿಡಿಸುವ ಹದ. ಜಿಪ್ ಚೀಲಕ್ಕೆ ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದು, ಮೂಲೆಯನ್ನು ಚೂರೇ ಚೂರು ಕತ್ತರಿಸಿ. ಮಕ್ಕಳು ಹಿಂಡಿದರೆ ಐಸಿಂಗ್ ಮೇಲಿನಿಂದಲೇ ಮೊದಲು ಹೊರಬರುತ್ತದೆ, ಅದಕ್ಕೆ ಈ ರಬ್ಬರ್ ಬ್ಯಾಂಡ್.

ಆಮೇಲೆ ಕೈ ಕಟ್ಟಿಕೊಂಡು ಕೂತುಬಿಡಿ. ಇದು ನನಗೆ ಇವತ್ತಿಗೂ ಕಷ್ಟ. ಹಿಮಮಾನವನಿಗೆ ಏಳು ಕಣ್ಣು ಇಟ್ಟಾಗ ಬೆರಳು ತುರಿಸುತ್ತದೆ. ತಿದ್ದಬೇಡಿ. ಒಂದು ವರ್ಷ ನಾನು ರಾತ್ರಿ ಎದ್ದು ಮೂರು ಬಿಸ್ಕತ್ತಿನ ಮುಖ "ಸರಿ" ಮಾಡಿದ್ದೆ. ಬೆಳಿಗ್ಗೆ ಮಗಳು "ನಂದೆಲ್ಲಿ?" ಅಂತ ಹುಡುಕಿದಳು.

ಐಸಿಂಗ್ ಒಣಗಲು ಒಂದು ರಾತ್ರಿ ಬೇಕು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಒಂದರ ಮೇಲೊಂದು ಪೇರಿಸಿದರೆ ಎಲ್ಲ ಅಂಟಿಕೊಂಡು ಒಂದೇ ಕಟ್ಟಾಗುತ್ತದೆ.

ಓವನ್ ಇಲ್ಲದಿದ್ದರೆ ಪಾಪ್‌ಕಾರ್ನ್ ಸರ

ಬೆಣ್ಣೆ, ಉಪ್ಪು ಹಾಕದ ಪಾಪ್‌ಕಾರ್ನ್ ಮಾಡಿ, ಒಂದು ದಿನ ಹಾಗೇ ತೆರೆದಿಡಿ. ತಾಜಾ ಪಾಪ್‌ಕಾರ್ನ್ ಗರಿಗರಿಯಾಗಿರುತ್ತದಲ್ಲ, ಸೂಜಿ ತಾಗಿದರೆ ಪುಡಿಯಾಗುತ್ತದೆ. ಒಂದು ದಿನ ಗಾಳಿಯ ತೇವ ಹೀರಿದ್ದು ಬಾಗುತ್ತದೆ, ಒಡೆಯುವುದಿಲ್ಲ. ಉಲ್ಲನ್ ಹೊಲಿಯುವ ಮೊಂಡು ಸೂಜಿಗೆ ಗಟ್ಟಿ ಹತ್ತಿ ದಾರ ಪೋಣಿಸಿ, ಕೊನೆಗೆ ದಪ್ಪ ಗಂಟು ಹಾಕಿ. ಅರಳಿದ ಬಿಳಿ ಭಾಗಕ್ಕಲ್ಲ, ನಡುವಿನ ಗಟ್ಟಿ ಕಂದು ಭಾಗದ ಪಕ್ಕಕ್ಕೆ ಚುಚ್ಚಿದರೆ ಹಿಡಿಯುತ್ತದೆ. ನಡುನಡುವೆ ಒಂದೊಂದು ಒಣ ಕ್ರ್ಯಾನ್‌ಬೆರಿ ಬಂದರೆ ಬಿಳಿ ಕೆಂಪು ಸರ.

ಒಂದು ಅಡಿಗೆ ಹದಿನೈದು ಇಪ್ಪತ್ತು ಅರಳು ಬೇಕಾಗುತ್ತವೆ. ಮಕ್ಕಳಿಗೆ ಉದ್ದ ದಾರ ಕೊಡಬೇಡಿ, ಸಿಕ್ಕುಗಟ್ಟಿಸಿಕೊಂಡು ಬೇಸರಪಡುತ್ತಾರೆ. ಮೊಳದುದ್ದದ ತುಂಡುಗಳನ್ನು ಮಾಡಿಸಿ, ಕೊನೆಗೆ ನೀವೇ ಗಂಟು ಹಾಕಿ ಸೇರಿಸಿ. ಪೋಣಿಸುವುದು ಒಂದಾದರೆ ಬಾಯಿಗೆ ಹೋಗುವುದು ಎರಡು, ಅದಕ್ಕೆ ತಕ್ಕ ಹಾಗೆ ಹುರಿಯಿರಿ.

ಒಣ ಕಿತ್ತಳೆ ಬಿಲ್ಲೆಗೆ ಮಾತ್ರ ಮತ್ತೆ ಓವನ್ ಬೇಕು. ಹಣ್ಣನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು, ಬಟ್ಟೆಯಿಂದ ಒತ್ತಿ ರಸ ತೆಗೆದು, 100 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ. ಗಂಟೆಗೊಮ್ಮೆ ಮಗುಚಿ. ಕೈಗೆ ಅಂಟಬಾರದು. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಮರದಿಂದ ಇಳಿಸಿದ ಮೇಲೆ ಬಿಸಿ ಟೀಗೆ ಹಾಕಿಕೊಳ್ಳಬಹುದು.

ಮರೆಯಬಾರದ ಎರಡು ಮೂರು

ಮಿನುಗುವ ಪುಡಿಯ ಡಬ್ಬಿಯ ಮೇಲೆ "ವಿಷವಲ್ಲ" ಅಂತ ಬರೆದಿದ್ದರೆ ಅದು ತಿನ್ನುವಂಥದ್ದು ಅಂತ ಅರ್ಥವಲ್ಲ. ತಿನ್ನಬಹುದು ಅಂತ ಸ್ಪಷ್ಟವಾಗಿ ಬರೆದಿರಬೇಕು, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯೂ ಇರಬೇಕು. ಉಪ್ಪು, ಮೈದಾ, ನೀರು ಕಲಸಿ ಮಾಡುವ ಗೊಂಬೆಗಳು ಚೆಂದವೇ, ಆದರೆ ಅವು ತಿನ್ನುವುದಕ್ಕಲ್ಲ. ಅವನ್ನೂ ಜಿಂಜರ್‌ಬ್ರೆಡ್ಡನ್ನೂ ಒಂದೇ ಮರಕ್ಕೆ ಕಟ್ಟಬೇಡಿ, ಮಗುವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಯಿ ಇರುವ ಮನೆಯಲ್ಲಿ ಚಾಕೊಲೇಟ್, ಒಣದ್ರಾಕ್ಷಿ ಎರಡೂ ಮರದ ಹತ್ತಿರ ಬೇಡ. ನಾಯಿಗೆ ಅವು ವಿಷ. ಉಪ್ಪಿನ ಗೊಂಬೆಯೂ ಅದಕ್ಕೆ ಅಪಾಯವೇ.

ತೂಗುಹಾಕುವುದು

ತಂತಿಯ ಕೊಕ್ಕೆ ಬಿಡಿ, ರಿಬ್ಬನ್ ಅಥವಾ ಹತ್ತಿ ದಾರ ಸಾಕು. ಭಾರದ ಬಿಸ್ಕತ್ತು ಕೊಂಬೆಯ ಬುಡದ ಕಡೆಗೆ, ಹಗುರದ್ದು ತುದಿಗೆ. ಗಾಜಿನ ಕಿಟಕಿಯ ಬಿಸ್ಕತ್ತು ದೀಪದ ಮುಂದೆ ಬರಲಿ, ಆದರೆ ದೀಪ ಎಲ್‌ಇಡಿ ಆಗಿರಲಿ. ಹಳೆಯ ಬಿಸಿ ಬಲ್ಬಿನ ಪಕ್ಕ ಚಾಕೊಲೇಟ್ ಕರಗುತ್ತದೆ, ಸಕ್ಕರೆ ಅಂಟಾಗುತ್ತದೆ. ಮೇಣದಬತ್ತಿಯಂತೂ ಬೇಡವೇ ಬೇಡ.

ಸಕ್ಕರೆ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಗಾಳಿ ತೇವವಾಗಿರುವ ಕಡೆ ಪೆಪ್ಪರಮೆಂಟಿನ ಕಿಟಕಿ ಒಂದೇ ದಿನದಲ್ಲಿ ಬೆವರಲು ಶುರುಮಾಡುತ್ತದೆ. ಬಿಸ್ಕತ್ತು ಮೆತ್ತಗಾಗಿ, ತೂತು ಉದ್ದವಾಗಿ, ರಾತ್ರಿ ಯಾವಾಗಲೋ ತೊಪ್ ಅಂತ ಬೀಳುತ್ತದೆ. ಅಂಥ ಕಡೆ ಮರಕ್ಕೆ ಹಾಕುವವರೆಗೂ ಗಾಳಿಯಾಡದ ಡಬ್ಬಿಯಲ್ಲೇ ಇಡಿ, ಪದರ ಪದರದ ಮಧ್ಯೆ ಬೇಕಿಂಗ್ ಪೇಪರ್ ಹಾಕಿ. ಅಥವಾ ಒಂದೊಂದನ್ನೂ ಸಣ್ಣ ಪಾರದರ್ಶಕ ಚೀಲಕ್ಕೆ ಹಾಕಿ ಕಟ್ಟಿ. ಧೂಳಿಂದಲೂ ಇರುವೆಯಿಂದಲೂ ಬಚಾವ್. ಐಸಿಂಗ್ ಆಗಲಿ ಪೆಪ್ಪರಮೆಂಟಾಗಲಿ ಇಲ್ಲದ ಬಿಸ್ಕತ್ತು ಮೆತ್ತಗಾಗಿದ್ದರೆ 120 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಇಟ್ಟು ಆರಿಸಿ, ಮತ್ತೆ ಗರಿಗರಿ.

ಎರಡನೇ ದಿನ ಮರದ ಕೆಳಗಿನ ಕೊಂಬೆಗಳು ಬೋಳಾಗಿದ್ದರೆ ಆಶ್ಚರ್ಯಪಡಬೇಡಿ. ಅಜ್ಜಿಗೆ ತೋರಿಸಬೇಕು ಅಂತ ಉಳಿಸಿಕೊಂಡದ್ದನ್ನು ಮೇಲೆ ಕಟ್ಟಿ.

ಇಳಿಸುವ ದಿನ

ಸ್ವೀಡನ್‌ನಲ್ಲಿ ಜನವರಿ 13ಕ್ಕೆ ಮಕ್ಕಳೆಲ್ಲ ಸೇರಿ ಮರದ ತಿಂಡಿಗಳನ್ನು ಲೂಟಿ ಮಾಡುವ ಪದ್ಧತಿ ಇದೆ. ಹಾಡಿ ಕುಣಿದು, ತಿಂಡಿ ಹಂಚಿಕೊಂಡು, ಮರವನ್ನು ಹೊರಗೆ ಹಾಕುವುದು. ನಾವು ಅಷ್ಟು ದಿನ ಕಾಯುವುದಿಲ್ಲ, 26ಕ್ಕೇ ಲೂಟಿ. ಒಂದು ತಟ್ಟೆ, ಒಂದು ಕತ್ತರಿ. ದೊಡ್ಡವಳು ದಾರ ಕತ್ತರಿಸುತ್ತಾಳೆ, ಚಿಕ್ಕವರು ತಟ್ಟೆ ಹಿಡಿಯುತ್ತಾರೆ. ಬಿದ್ದು ಚೂರಾದದ್ದನ್ನು ಐಸ್‌ಕ್ರೀಂ ಮೇಲೆ ಉದುರಿಸಿಕೊಳ್ಳಬಹುದು. ಧೂಳು ಹಿಡಿದ ಪಾಪ್‌ಕಾರ್ನ್ ಸರವನ್ನು ಹಕ್ಕಿಗಳಿಗೆ ಹಾಕಬಹುದು, ಆದರೆ ದಾರ ಎಳೆದು ತೆಗೆದ ಮೇಲೆ. ದಾರ ಅವುಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕೊನೆಗೆ ರಿಬ್ಬನ್ ತುಂಡುಗಳನ್ನು ಎಣಿಸಿ. ನಾವು ಕಟ್ಟಿದ್ದು ಇಪ್ಪತ್ತೊಂದು, ಹೋದ ಸಲ ಸಿಕ್ಕಿದ್ದು ಹದಿನೇಳು. ಉಳಿದ ನಾಲ್ಕು ಸೋಫಾ ದಿಂಬಿನ ಹಿಂದೆ ಇದ್ದವು, ಬಿಸ್ಕತ್ತು ಇಲ್ಲದೆ.